ಕ್ರಿಮಿನಲ್ ಕೇಸಿನಲ್ಲಿ ಮೂರನೆಯವರ ಮಾತು

ಕ್ರಿಮಿನಲ್ ಮೊಕದ್ದಮೆಗೆ ಪಕ್ಷಗಾರರು ಇಬ್ಬರೇ. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಆರೋಪಿ. ಏಟು ತಿಂದವರು, ಹಣ ಕಳೆದುಕೊಂಡವರು, ಮಕ್ಕಳನ್ನು ಕಳೆದುಕೊಂಡ ತಂದೆತಾಯಿ, ಇವರೆಲ್ಲ ಕಾನೂನಿನ ಹಳೆಯ ಲೆಕ್ಕದಲ್ಲಿ ಸಾಕ್ಷಿಗಳು ಮಾತ್ರ. ಅಪರಾಧ ನಡೆಯುವುದು ಇಡೀ ಸಮಾಜದ ವಿರುದ್ಧ, ಸಮಾಜದ ಪರವಾಗಿ ವಾದಿಸುವುದು ಸರ್ಕಾರಿ ಅಭಿಯೋಜಕರ ಕೆಲಸ ಎಂಬುದು ಇದರ ಹಿಂದಿನ ತರ್ಕ. ಹೀಗಿರುವಾಗ ಈ ಇಬ್ಬರೂ ಅಲ್ಲದ ಮೂರನೆಯವರು ಬಂದು ‘ನಮ್ಮದೂ ಒಂದು ಮಾತಿದೆ, ಬರೆದು ಕೊಡುತ್ತೇವೆ’ ಎಂದರೆ ನ್ಯಾಯಾಲಯ ಏನು ಮಾಡಬೇಕು? ಹಾಗೆ ಬರುವವರು ಒಂದು ನಾಗರಿಕ ಹಕ್ಕುಗಳ ಸಂಘಟನೆಯಾಗಿರಬಹುದು, ಮಹಿಳಾ ಆಯೋಗವಾಗಿರಬಹುದು, ವಿರೋಧ ಪಕ್ಷದ ನಾಯಕರಾಗಿರಬಹುದು, ಪತ್ರಿಕೆ ಓದಿ ಕಳವಳಗೊಂಡ ವಕೀಲರಾಗಿರಬಹುದು. ದೆಹಲಿಯ ವಿಶೇಷ ನ್ಯಾಯಾಲಯದಿಂದ ಹಿಡಿದು ತಿಲಕ್ ಮಾರ್ಗದ ಸುಪ್ರೀಂ ಕೋರ್ಟ್‌ವರೆಗೆ ಈ ಪ್ರಶ್ನೆ ನಾಲ್ಕು ದಶಕಗಳಿಂದ ಮತ್ತೆ ಮತ್ತೆ ಎದ್ದಿದೆ. ಉತ್ತರ ಮಾತ್ರ ಪ್ರತಿಸಲ ಒಂದೇ ಬಂದಿಲ್ಲ.

ಸಿವಿಲ್ ದಾವೆಗಳಿಗೆ ಈ ಗೊಂದಲ ಕಡಿಮೆ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರಲ್ಲಿ ತಂದ ತಿದ್ದುಪಡಿಯಿಂದ ಒಂದನೇ ಆದೇಶಕ್ಕೆ 8ಎ ಎಂಬ ನಿಯಮ ಸೇರಿತು. ದಾವೆಯಲ್ಲಿ ಎದ್ದಿರುವ ಕಾನೂನಿನ ಪ್ರಶ್ನೆಯಲ್ಲಿ ಆಸಕ್ತಿಯುಳ್ಳ ವ್ಯಕ್ತಿ ಅಥವಾ ಸಂಸ್ಥೆ ತನ್ನ ಅಭಿಪ್ರಾಯ ಮಂಡಿಸಲು ಸಾರ್ವಜನಿಕ ಹಿತದ ದೃಷ್ಟಿಯಿಂದ ನ್ಯಾಯಾಲಯ ಅನುಮತಿ ಕೊಡಬಹುದು ಎಂದು ಅದು ನೇರವಾಗಿ ಹೇಳುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೆ ಸಾಟಿಯಾದ ನಿಯಮ ಇರಲಿಲ್ಲ. ಅಲ್ಲಿದ್ದದ್ದು 301ನೇ ಕಲಮಿನ ಎರಡನೇ ಉಪಕಲಮು. ಖಾಸಗಿ ವ್ಯಕ್ತಿ ತನ್ನ ಪರವಾಗಿ ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಆ ವಕೀಲರು ಸರ್ಕಾರಿ ಅಭಿಯೋಜಕರ ನಿರ್ದೇಶನದಂತೆ ನಡೆಯಬೇಕು. ಸಾಕ್ಷ್ಯ ಮುಗಿದ ಮೇಲೆ, ನ್ಯಾಯಾಲಯ ಒಪ್ಪಿದರೆ, ಲಿಖಿತ ವಾದ ಸಲ್ಲಿಸಬಹುದು. ಅಷ್ಟೇ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮಾತ್ರ 302ನೇ ಕಲಮಿನಡಿ ಸ್ವಲ್ಪ ಸಡಿಲ ಇತ್ತು. ಅಲ್ಲಿ ಅನುಮತಿ ಪಡೆದು ಖಾಸಗಿಯವರೇ ಅಭಿಯೋಜನೆ ನಡೆಸಬಹುದಿತ್ತು. ಸತ್ರ ನ್ಯಾಯಾಲಯದಲ್ಲಿ ಅದೂ ಇರಲಿಲ್ಲ. ಖಾಸಗಿ ವಕೀಲರ ಕೈಗೆ ಕೇಸು ಸಿಕ್ಕರೆ ಹೇಗಾದರೂ ಶಿಕ್ಷೆ ಕೊಡಿಸುವ ಹಟಕ್ಕೆ ಬೀಳುತ್ತಾರೆ, ಸರ್ಕಾರಿ ಅಭಿಯೋಜಕರು ಆರೋಪಿಗೂ ನ್ಯಾಯ ಸಿಗಬೇಕೆಂಬ ಹೊಣೆ ಹೊತ್ತಿರುತ್ತಾರೆ ಎಂಬುದು 1999ರ ಶಿವಕುಮಾರ್ ವಿರುದ್ಧ ಹುಕಂ ಚಂದ್ ತೀರ್ಪಿನ ಸಮರ್ಥನೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮೊದಲೇ ಗಮನದಲ್ಲಿಡಬೇಕು. ಅಪರಾಧ ನಡೆದಿದೆ ಎಂದು ದೂರು ಕೊಡಲು ಯಾರೂ ಆಗಬಹುದು. 1984ರಲ್ಲಿ ಎ.ಆರ್. ಅಂತುಲೆ ಪ್ರಕರಣದಲ್ಲಿ ಸಂವಿಧಾನ ಪೀಠ ಇದನ್ನು ಸ್ಪಷ್ಟಪಡಿಸಿತು: ಕಾನೂನು ಬೇರೆ ರೀತಿ ಹೇಳದಿದ್ದರೆ ಕ್ರಿಮಿನಲ್ ಕಾನೂನನ್ನು ಚಾಲನೆಗೊಳಿಸಲು ಯಾವ ನಾಗರಿಕನಿಗೂ ಅಡ್ಡಿಯಿಲ್ಲ, ಅಲ್ಲಿ ‘ನೀನು ಯಾರು’ ಎಂದು ಕೇಳುವಂತಿಲ್ಲ. ಆದರೆ ಗಾಡಿ ಹೊರಟ ಮೇಲೆ ಅದನ್ನು ನಡೆಸುವ ಅಧಿಕಾರ ದೂರು ಕೊಟ್ಟವರ ಕೈಯಲ್ಲಿ ಉಳಿಯುವುದಿಲ್ಲ. ದೂರು ಕೊಡದ, ಹಾನಿಯೂ ಆಗದ ಮೂರನೆಯವರಿಗಂತೂ ಊರ ಉಸಾಬರಿ ಯಾಕೆ ಎಂಬ ಮಾತೇ ಮೊದಲು ಎದುರಾಗುತ್ತದೆ.

ಬೊಫೋರ್ಸ್ ಪ್ರಕರಣದಲ್ಲಿ ಎದುರಾದದ್ದೂ ಅದೇ. ಸ್ವೀಡನ್ನಿನ ಕಂಪನಿಯಿಂದ 155 ಎಂಎಂ ತೋಪುಗಳನ್ನು ಕೊಳ್ಳುವ 1437 ಕೋಟಿ ರೂಪಾಯಿಯ ಒಪ್ಪಂದ ಆದದ್ದು 1986ರ ಮಾರ್ಚ್‌ನಲ್ಲಿ. ಅದರಲ್ಲಿ ಲಂಚ ನಡೆದಿದೆ ಎಂಬ ಆರೋಪದ ಮೇಲೆ ಸಿಬಿಐ ಎಫ್‌ಐಆರ್ ದಾಖಲಿಸಿದ್ದು 1990ರ ಜನವರಿ 22ರಂದು, ಕೇಂದ್ರದಲ್ಲಿ ಸರ್ಕಾರ ಬದಲಾದ ಮೇಲೆ. ಸ್ವಿಟ್ಜರ್ಲೆಂಡಿನ ಬ್ಯಾಂಕ್ ದಾಖಲೆಗಳನ್ನು ತರಿಸಿಕೊಳ್ಳಲು ದೆಹಲಿಯ ವಿಶೇಷ ನ್ಯಾಯಾಧೀಶರಿಂದ ಕೋರಿಕೆ ಪತ್ರ ಬೇಕಿತ್ತು. ಆ ಹಂತದಲ್ಲಿ ಹರಿಂದರ್ ಸಿಂಗ್ ಚೌಧರಿ ಎಂಬ ವಕೀಲರು ವಿಶೇಷ ನ್ಯಾಯಾಧೀಶರ ಮುಂದೆಯೇ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿ, ಪತ್ರ ಕೊಡಬಾರದು ಎಂದರು. ಅವರು ಆರೋಪಿಯಲ್ಲ, ದೂರುದಾರರೂ ಅಲ್ಲ. ಅರ್ಜಿ ವಜಾ ಆಯಿತು. ಅವರು ದೆಹಲಿ ಹೈಕೋರ್ಟಿಗೆ ಹೋದರು. ಅವರನ್ನು ವಿರೋಧಿಸಲು ಜನತಾ ದಳ, ಸಿಪಿಎಂ ಮೊದಲಾದ ಪಕ್ಷಗಳೂ ಬಂದವು. ಒಬ್ಬ ಹೊರಗಿನವರ ಅರ್ಜಿಗೆ ಇನ್ನಷ್ಟು ಹೊರಗಿನವರ ತಕರಾರು!

1990ರ ಡಿಸೆಂಬರ್ 19ರಂದು ನ್ಯಾಯಮೂರ್ತಿ ಎಂ.ಕೆ. ಚಾವ್ಲಾ ಕೊಟ್ಟ ಆದೇಶ ಕ್ರಿಮಿನಲ್ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಚರ್ಚಿಸುವಂಥದ್ದು. ಚೌಧರಿಯವರಿಗೆ ಅರ್ಜಿ ಹಾಕುವ ಅರ್ಹತೆ ಇಲ್ಲ, ಮಧ್ಯೆ ಬಂದ ಪಕ್ಷಗಳಿಗೂ ಇಲ್ಲ ಎಂದು ಎಲ್ಲರನ್ನೂ ಹೊರಗೆ ಕಳಿಸಿದ ಅವರು, ಅದೇ ಆದೇಶದಲ್ಲಿ ಸ್ವಯಂಪ್ರೇರಿತರಾಗಿ ವಿಷಯ ಕೈಗೆತ್ತಿಕೊಂಡು, ಎಫ್‌ಐಆರ್ ಅನ್ನೇ ಏಕೆ ರದ್ದು ಮಾಡಬಾರದು ಎಂದು ಸಿಬಿಐಗೆ ನೋಟಿಸ್ ಕೊಟ್ಟರು. ಬಾಗಿಲಲ್ಲಿ ತಡೆದವರ ಮಾತನ್ನು ಕಿಟಕಿಯಿಂದ ಒಳಗೆ ಕರೆದುಕೊಂಡ ಹಾಗಾಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಸ್. ರತ್ನವೇಲ್ ಪಾಂಡಿಯನ್ ಮತ್ತು ಕೆ. ಜಯಚಂದ್ರ ರೆಡ್ಡಿ 1991ರ ಆಗಸ್ಟ್ 27ರಂದು ಆ ನೋಟಿಸನ್ನು ರದ್ದುಪಡಿಸಿದರು. ವಿವರವಾದ ಕಾರಣಗಳು ಹೊರಬಿದ್ದದ್ದು ಒಂದು ವರ್ಷದ ನಂತರ, 1992ರ ಆಗಸ್ಟ್ 28ರಂದು. ಎಫ್‌ಐಆರ್‌ನಿಂದ ತೊಂದರೆಯಾದರೆ ಅದನ್ನು ಪ್ರಶ್ನಿಸಬೇಕಾದವರು ಆರೋಪಿಗಳು. ಅವರು ಕಾನೂನಿನ ಬಾಗಿಲು ತಟ್ಟಲಾಗದ ದುರ್ಬಲರೇನೂ ಅಲ್ಲ. ಅವರ ಪರವಾಗಿ ದಾರಿಹೋಕರು ಬರುವುದನ್ನು ಸಾರ್ವಜನಿಕ ಹಿತಾಸಕ್ತಿ ಎನ್ನಲಾಗದು. ‘ಜನತಾ ದಳ ವಿರುದ್ಧ ಎಚ್.ಎಸ್. ಚೌಧರಿ’ ಎಂಬ ಈ ತೀರ್ಪು ಆಮೇಲೆ ಬಂದ ಪ್ರತಿಯೊಂದು ಮಧ್ಯಪ್ರವೇಶದ ಅರ್ಜಿಗೂ ಮೊದಲ ತಡೆಗೋಡೆ.

ಅದೇ ಬೊಫೋರ್ಸ್ ಮೊಕದ್ದಮೆ ಹದಿಮೂರು ವರ್ಷಗಳ ನಂತರ ಆ ಗೋಡೆಯಲ್ಲಿ ಒಂದು ಕಿಂಡಿಯನ್ನೂ ತೆರೆಯಿತು. 2005ರ ಮೇ 31ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಆರ್.ಎಸ್. ಸೋಧಿ ಹಿಂದೂಜಾ ಸಹೋದರರ ಮೇಲಿನ ಆರೋಪಗಳನ್ನು ರದ್ದು ಮಾಡಿದರು. ಮೇಲ್ಮನವಿಗೆ ಇದ್ದ 90 ದಿನಗಳಲ್ಲಿ ಸಿಬಿಐ ಅಲುಗಾಡಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದವರು ಅಜಯ್ ಅಗರವಾಲ್ ಎಂಬ ವಕೀಲರು, ಮುಂದೆ 2014ರ ಚುನಾವಣೆಯಲ್ಲಿ ರಾಯ್‌ಬರೇಲಿಯಲ್ಲಿ ಸೋನಿಯಾ ಗಾಂಧಿ ವಿರುದ್ಧ ಬಿಜೆಪಿಯಿಂದ ನಿಂತವರು. 2005ರ ಅಕ್ಟೋಬರ್‌ನಲ್ಲಿ ಅವರ ಅರ್ಜಿಯನ್ನು ಸುಪ್ರೀಂ ಕೋರ್ಟ್ ವಿಚಾರಣೆಗೆ ಸ್ವೀಕರಿಸಿತು. ಸಿಬಿಐ ಎಚ್ಚರವಾಗಿ ಮೇಲ್ಮನವಿ ಹಾಕಿದ್ದು 2018ರ ಫೆಬ್ರುವರಿಯಲ್ಲಿ. ಹದಿಮೂರು ವರ್ಷದ ವಿಳಂಬಕ್ಕೆ ಕೊಟ್ಟ ಕಾರಣ ಒಪ್ಪುವಂಥದ್ದಲ್ಲ ಎಂದು ಅದೇ ವರ್ಷ ನವೆಂಬರ್ 2ರಂದು ಅದು ವಜಾ ಆಯಿತು. ಜೊತೆಗೆ ನ್ಯಾಯಾಲಯ ಒಂದು ಮಾತು ಸೇರಿಸಿತು: ಸಿಬಿಐ ತನ್ನ ವಾದವನ್ನೆಲ್ಲ ಅಗರವಾಲ್ ಅವರ ಮೇಲ್ಮನವಿಯಲ್ಲಿ ಮಂಡಿಸಬಹುದು. ಸರ್ಕಾರದ ತನಿಖಾ ಸಂಸ್ಥೆ ಮೂರನೆಯವರ ಅರ್ಜಿಯ ಆಸರೆಯಲ್ಲಿ ನಿಲ್ಲಬೇಕಾಯಿತು.

ಕನ್ನಡ ಓದುಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ. ತಮಿಳುನಾಡಿನ ಮೊಕದ್ದಮೆ, ಬೆಂಗಳೂರಿನ ವಿಚಾರಣೆ, ದೆಹಲಿಯ ತೀರ್ಪು, ಈ ಮೂರನ್ನೂ ಜೋಡಿಸಿದ್ದು ಒಬ್ಬ ಮೂರನೆಯವರ ಪಟ್ಟು. 2001ರಲ್ಲಿ ಜಯಲಲಿತಾ ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಚೆನ್ನೈನ ವಿಚಾರಣೆಯ ಸ್ವರವೇ ಬದಲಾಯಿತು. ಮೊದಲೇ ಸಾಕ್ಷ್ಯ ನುಡಿದಿದ್ದ 76 ಸಾಕ್ಷಿಗಳನ್ನು ಮರಳಿ ಕರೆಸಲಾಯಿತು, 64 ಮಂದಿ ಹಿಂದಿನ ಹೇಳಿಕೆಯಿಂದ ಹಿಂದೆ ಸರಿದರು, ಅಭಿಯೋಜಕರು ತುಟಿ ಪಿಟಕ್ಕೆನ್ನಲಿಲ್ಲ. ಡಿಎಂಕೆಯ ಪ್ರಧಾನ ಕಾರ್ಯದರ್ಶಿ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ವರ್ಗಾವಣೆ ಅರ್ಜಿ ಹಾಕಿದರು. ಇವರು ರಾಜಕೀಯ ಎದುರಾಳಿ, ಇವರಿಗೇನು ಹಕ್ಕು ಎಂಬ ಆಕ್ಷೇಪ ಎದ್ದಿತು. 2003ರ ನವೆಂಬರ್ 18ರಂದು ನ್ಯಾಯಾಲಯ ಆ ಆಕ್ಷೇಪವನ್ನು ತಳ್ಳಿಹಾಕಿತು. ಪ್ರಜಾಪ್ರಭುತ್ವದಲ್ಲಿ ವಿರೋಧ ಪಕ್ಷದವರು ಸರ್ಕಾರದ ಮೇಲೆ ಕಣ್ಣಿಟ್ಟವರು. ಅಭಿಯೋಜನೆಯೇ ದಾರಿ ತಪ್ಪಿದಾಗ ಅದನ್ನು ಎತ್ತಿ ತೋರಿಸುವ ಆಸಕ್ತಿ ಅವರಿಗೆ ಇದ್ದೇ ಇರುತ್ತದೆ ಎಂದು ಹೇಳಿ ಮೊಕದ್ದಮೆಯನ್ನು ಕರ್ನಾಟಕಕ್ಕೆ ವರ್ಗಾಯಿಸಿತು.

2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿ’ಕುನ್ಹಾ ನಾಲ್ಕು ವರ್ಷದ ಸಜೆ, 100 ಕೋಟಿ ರೂಪಾಯಿ ದಂಡ ವಿಧಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ಮೇಲ್ಮನವಿ ಬಂದಾಗ ಅಭಿಯೋಜಕರಾಗಿ ನಿಂತ ಭವಾನಿ ಸಿಂಗ್ ಅವರನ್ನು ಆ ಕೆಲಸಕ್ಕೆ ನೇಮಿಸಿದ್ದು ತಮಿಳುನಾಡಿನ ಅಧಿಕಾರಿಗಳು. ಅಂದರೆ ಆರೋಪಿಯ ಪಕ್ಷದ್ದೇ ಸರ್ಕಾರ ಅಭಿಯೋಜಕರನ್ನು ಆರಿಸಿತ್ತು. ಅನ್ಬಳಗನ್ ಮತ್ತೆ ದೆಹಲಿಗೆ ಬಂದರು. 2015ರ ಏಪ್ರಿಲ್ 15ರಂದು ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ಆರ್. ಭಾನುಮತಿ ಅವರಲ್ಲಿ ಒಮ್ಮತ ಮೂಡಲಿಲ್ಲ. ಏಪ್ರಿಲ್ 27ರಂದು ನ್ಯಾಯಮೂರ್ತಿ ದೀಪಕ್ ಮಿಶ್ರಾ ನೇತೃತ್ವದ ಮೂವರ ಪೀಠ ಆ ನೇಮಕ ಕಾನೂನುಬಾಹಿರ ಎಂದಿತು. ಆದರೆ ಹೈಕೋರ್ಟಿನಲ್ಲಿ ವಾದ ಮುಗಿದು ತೀರ್ಪು ಕಾಯ್ದಿರಿಸಲಾಗಿತ್ತು. ಮತ್ತೆ ಮೊದಲಿನಿಂದ ವಾದ ಕೇಳುವುದೆಂದರೆ ತಿಂಗಳುಗಳ ಮಾತು. ಪೀಠ ಕಂಡುಕೊಂಡ ದಾರಿ ಲಿಖಿತ ವಾದ: ಮರುದಿನದೊಳಗೆ ಅನ್ಬಳಗನ್ ಮತ್ತು ಕರ್ನಾಟಕ ಸರ್ಕಾರ ಇಬ್ಬರೂ ತಮ್ಮ ವಾದವನ್ನು ಬರೆದು ಹೈಕೋರ್ಟಿಗೆ ಕೊಡಲಿ, ಹೈಕೋರ್ಟ್ ಅದನ್ನು ಪರಿಗಣಿಸಿ ತೀರ್ಪು ಕೊಡಲಿ. ಒಂದೇ ದಿನದ ಗಡುವಿನಲ್ಲಿ ಹಿರಿಯ ವಕೀಲ ಬಿ.ವಿ. ಆಚಾರ್ಯರು ಕರ್ನಾಟಕದ ಪರವಾಗಿ ಲಿಖಿತ ವಾದ ಸಲ್ಲಿಸಿದರು. ವರ್ಷಗಟ್ಟಲೆ ನಡೆದ ಮೊಕದ್ದಮೆಯ ನಿರ್ಣಾಯಕ ಘಟ್ಟದಲ್ಲಿ ಆರೋಪಿಗೆ ಎದುರಾಗಿ ನಿಂತದ್ದು ಈ ಕಾಗದಗಳು ಮಾತ್ರ. ಬಾಯಿಮಾತಿನ ವಾದಕ್ಕೆ ಎಡೆಯೇ ಸಿಗಲಿಲ್ಲ.

ಮೇ 11ರಂದು ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ಎಲ್ಲರನ್ನೂ ಖುಲಾಸೆ ಮಾಡಿದರು. ಆ ತೀರ್ಪಿನಲ್ಲಿ ಸಾಲಗಳ ಮೊತ್ತ ಕೂಡಿಸುವಲ್ಲಿ ತಪ್ಪಾಗಿದೆ ಎಂದು ಆಚಾರ್ಯರು ಕೂಡಲೇ ಎತ್ತಿ ತೋರಿಸಿದರು. ಕರ್ನಾಟಕವೂ ಅನ್ಬಳಗನ್ ಅವರೂ ಸುಪ್ರೀಂ ಕೋರ್ಟಿಗೆ ಹೋದರು. 2017ರ ಫೆಬ್ರುವರಿ 14ರಂದು ಡಿ’ಕುನ್ಹಾ ಅವರ ತೀರ್ಪು ಮರುಸ್ಥಾಪನೆಯಾಯಿತು; ಜಯಲಲಿತಾ ಅದಕ್ಕೆ ಎರಡು ತಿಂಗಳು ಮೊದಲೇ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಪ್ರಕರಣ ಮುಗಿದುಹೋಗಿತ್ತು. ಅನ್ಬಳಗನ್ ಅವರ ಉದ್ದೇಶ ಶುದ್ಧ ಸಾರ್ವಜನಿಕ ಹಿತವೇ ಆಗಿತ್ತೆಂದು ಯಾರೂ ನಂಬಬೇಕಿಲ್ಲ. ಆದರೆ ಅವರು ಬರದಿದ್ದರೆ ಈ ಮೊಕದ್ದಮೆ ಚೆನ್ನೈನಲ್ಲೇ ಮಣ್ಣಾಗುತ್ತಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ. ಬೊಫೋರ್ಸ್‌ನಲ್ಲಿ ಬಂದ ಚೌಧರಿಯವರಿಗೂ ಇವರಿಗೂ ಇರುವ ಅಂತರ ಇಲ್ಲೇ ಇದೆ. ಚೌಧರಿ ತನಿಖೆಯನ್ನು ನಿಲ್ಲಿಸಿ ಎಂದು ಬಂದರು, ಅನ್ಬಳಗನ್ ವಿಚಾರಣೆ ಸರಿಯಾಗಿ ನಡೆಯಲಿ ಎಂದು ಬಂದರು. ಬಂದವರ ಮುಖಕ್ಕಿಂತ ಅವರು ಕೇಳಿದ್ದು ಏನು ಎಂಬುದನ್ನು ನ್ಯಾಯಾಲಯ ತೂಗಿತು.

ಮೂರನೆಯವರ ಸಾಲಿನಿಂದ ನಿಧಾನವಾಗಿ ಒಳಗೆ ಬಂದವರು ಸಂತ್ರಸ್ತರು. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿ ‘ಸಂತ್ರಸ್ತ’ ಎಂಬುದಕ್ಕೆ ಮೊದಲ ಸಲ ವ್ಯಾಖ್ಯೆ ಕೊಟ್ಟಿತು, ಅಭಿಯೋಜನೆಗೆ ನೆರವಾಗಲು ಅವರು ವಕೀಲರನ್ನು ಇಟ್ಟುಕೊಳ್ಳಲು ಅವಕಾಶ ಮಾಡಿತು, ಖುಲಾಸೆಯ ವಿರುದ್ಧ ಮೇಲ್ಮನವಿಯ ಹಕ್ಕು ಕೊಟ್ಟಿತು. ಆ ಹಕ್ಕಿನ ಅಗಲವನ್ನು ನಿಗದಿಪಡಿಸಿದ್ದು ಕರ್ನಾಟಕದ ಒಂದು ಪ್ರಕರಣ. 2009ರ ಫೆಬ್ರುವರಿಯ ಒಂದು ರಾತ್ರಿ ಹಲ್ಲೆಗೊಳಗಾದ ಮಲ್ಲಿಕಾರ್ಜುನ ಕೊಡಗಲಿ ಅವರ ಕೇಸಿನಲ್ಲಿ ಆರೋಪಿಗಳು 2013ರಲ್ಲಿ ಖುಲಾಸೆಯಾದರು. ಘಟನೆ ನಡೆದಾಗ ತಿದ್ದುಪಡಿ ಜಾರಿಯಲ್ಲಿರಲಿಲ್ಲ ಎಂದು ಧಾರವಾಡದ ಹೈಕೋರ್ಟ್ ಪೀಠ ಮೇಲ್ಮನವಿಯನ್ನು ಸ್ವೀಕರಿಸಲಿಲ್ಲ. ಸುಪ್ರೀಂ ಕೋರ್ಟ್ ತೀರ್ಪು ಬರುವ ಹೊತ್ತಿಗೆ ಕೊಡಗಲಿ ಬದುಕಿರಲಿಲ್ಲ, ವಾರಸುದಾರರು ಕೇಸು ನಡೆಸಿದರು. 2018ರ ಅಕ್ಟೋಬರ್ 12ರಂದು ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ಎಸ್. ಅಬ್ದುಲ್ ನಜೀರ್ ಅವರ ಬಹುಮತದ ತೀರ್ಪು ಹೇಳಿತು: ಲೆಕ್ಕಕ್ಕೆ ಬರುವುದು ಖುಲಾಸೆಯ ದಿನ, ಘಟನೆಯ ದಿನವಲ್ಲ, ಸಂತ್ರಸ್ತರು ಮೇಲ್ಮನವಿಗೆ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ಮೇಲ್ಮನವಿ ಹೀಗೆ ಮುಕ್ತವಾದರೂ ಕೆಳಗಿನ ವಿಚಾರಣೆಯಲ್ಲಿ ಹಳೆಯ ಬಿಗಿ ಉಳಿಯಿತು. 2019ರ ರೇಖಾ ಮುರಾರ್ಕಾ ಪ್ರಕರಣದಲ್ಲಿ, ಕನ್ನಡಿಗರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ಇದ್ದ ಪೀಠ, ಸಂತ್ರಸ್ತರ ವಕೀಲರು ಸಾಕ್ಷಿಗಳನ್ನು ತಾವೇ ಪಾಟೀಸವಾಲು ಮಾಡುವಂತಿಲ್ಲ, ಮೌಖಿಕ ವಾದವನ್ನೂ ಮಾಡುವಂತಿಲ್ಲ ಎಂದಿತು. ಪ್ರಶ್ನೆ ಬಿಟ್ಟುಹೋಗಿದೆ ಎನಿಸಿದರೆ ಅಭಿಯೋಜಕರ ಕಿವಿಯಲ್ಲಿ ಹೇಳಬಹುದು. ಅವರೂ ಕೇಳದಿದ್ದರೆ ನ್ಯಾಯಾಧೀಶರ ಗಮನಕ್ಕೆ ತರಬಹುದು, ನ್ಯಾಯಾಧೀಶರು ತಮ್ಮ ಅಧಿಕಾರದಿಂದ ಆ ಪ್ರಶ್ನೆ ಕೇಳಬಹುದು. ಮೂರು ವರ್ಷ ಕಳೆಯುವಷ್ಟರಲ್ಲಿ, 2022ರ ಏಪ್ರಿಲ್ 18ರಂದು, ರೈತರ ಮೇಲೆ ವಾಹನ ಹರಿಸಿದ ಲಖಿಂಪುರ ಖೇರಿ ಪ್ರಕರಣದಲ್ಲಿ ಆರೋಪಿ ಆಶಿಶ್ ಮಿಶ್ರಾಗೆ ಸಿಕ್ಕಿದ್ದ ಜಾಮೀನು ರದ್ದಾಯಿತು. ತನಿಖೆಯಿಂದ ಮೇಲ್ಮನವಿಯವರೆಗೆ ಪ್ರತಿ ಹಂತದಲ್ಲೂ ಸಂತ್ರಸ್ತರ ಮಾತು ಕೇಳಬೇಕು ಎಂದು ಆ ತೀರ್ಪು ಹೇಳಿತು. ಈ ಎರಡು ತೀರ್ಪುಗಳ ನಡುವಿನ ಎಳೆದಾಟ ಇನ್ನೂ ಪೂರ್ತಿ ಮುಗಿದಿಲ್ಲ.

ಸಂತ್ರಸ್ತರ ಪರವಾಗಿ ಒಂದು ಸಂಸ್ಥೆ ಬಂದರೆ? ದೆಹಲಿಯ ಎರಡು ಅನುಭವಗಳು ಎರಡು ದಿಕ್ಕು ತೋರಿಸುತ್ತವೆ. 1997ರ ಜೂನ್ 13ರಂದು ಗ್ರೀನ್ ಪಾರ್ಕಿನ ಉಪಹಾರ್ ಚಿತ್ರಮಂದಿರದ ಬೆಂಕಿಗೆ 59 ಜನ ಬಲಿಯಾದರು. ಇಬ್ಬರು ಮಕ್ಕಳನ್ನು ಕಳೆದುಕೊಂಡ ನೀಲಂ ಮತ್ತು ಶೇಖರ್ ಕೃಷ್ಣಮೂರ್ತಿ ದಂಪತಿ ಮುಂದೆ ನಿಂತು ಕಟ್ಟಿದ ಸಂತ್ರಸ್ತರ ಸಂಘ ವಿಚಾರಣೆಯುದ್ದಕ್ಕೂ ಅಭಿಯೋಜನೆಯ ಬೆನ್ನಿಗೆ ಇತ್ತು, ಸುಪ್ರೀಂ ಕೋರ್ಟಿನಲ್ಲಿ ತನ್ನದೇ ಮೇಲ್ಮನವಿ ನಡೆಸಿತು. ಕೋರ್ಟಿನ ಕಡತದಲ್ಲಿದ್ದ ದಾಖಲೆಗಳು ಹರಿದು, ಕೆಲವಕ್ಕೆ ಮಸಿ ಚೆಲ್ಲಿದ್ದ ಪ್ರಕರಣದ ಬೆನ್ನು ಬಿಡದೆ ಹಿಡಿದವರೂ ಅವರೇ. 2021ರ ನವೆಂಬರ್‌ನಲ್ಲಿ ಪಟಿಯಾಲಾ ಹೌಸ್ ನ್ಯಾಯಾಲಯ ಸಾಕ್ಷ್ಯ ತಿರುಚಿದ್ದಕ್ಕಾಗಿ ಶಿಕ್ಷೆ ವಿಧಿಸಿತು. ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಈ ಭಾಗ್ಯ ಸಿಗಲಿಲ್ಲ. ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಶಿಕ್ಷೆ ಇಳಿಸಿದಾಗ ಸರ್ಕಾರ ಸುಮ್ಮನಿತ್ತು, ಆಯೋಗ ಸುಪ್ರೀಂ ಕೋರ್ಟಿಗೆ ಹೋಯಿತು. ಆಯೋಗ ಸಂತ್ರಸ್ತ ಅಲ್ಲ, ದೂರುದಾರನೂ ಅಲ್ಲ, ಹೊರಗಿನವರಿಗೆ ಇಂಥ ಮೇಲ್ಮನವಿಗೆ ಅವಕಾಶ ಕೊಟ್ಟರೆ ಕ್ರಿಮಿನಲ್ ನ್ಯಾಯವ್ಯವಸ್ಥೆ ಅಸ್ತವ್ಯಸ್ತವಾಗುತ್ತದೆ ಎಂದು 2010ರಲ್ಲಿ ಅರ್ಜಿ ವಜಾ ಆಯಿತು. ಶಾಸನವೇ ಹುಟ್ಟುಹಾಕಿದ ಸಂಸ್ಥೆಗೆ ಇಲ್ಲದ ಅವಕಾಶ ಒಬ್ಬ ರಾಜಕಾರಣಿಗೆ ಸಿಕ್ಕಿದ್ದನ್ನು ಯಾವ ತರ್ಕದಿಂದಲೂ ಸಲೀಸಾಗಿ ಸಮರ್ಥಿಸಲಾಗದು.

ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಅಮಿಕಸ್ ಕ್ಯೂರಿ’ ಇವರೆಲ್ಲರಿಂದ ಬೇರೆ. ಅವರು ತಾವಾಗಿ ಬಂದವರಲ್ಲ, ನ್ಯಾಯಾಲಯವೇ ಕರೆದವರು. ಭಾರತದ ಕ್ರಿಮಿನಲ್ ಕೋರ್ಟುಗಳಲ್ಲಿ ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ. ವಕೀಲರಿಲ್ಲದ ಬಡ ಆರೋಪಿಯ ಪರ ವಾದಿಸುವುದು ಒಂದು. ಅಲ್ಲಿ ಅಮಿಕಸ್ ಎಂದರೆ ಹೆಚ್ಚುಕಡಿಮೆ ಆರೋಪಿಯ ವಕೀಲರೇ. ಬೆಳಿಗ್ಗೆ ನೇಮಿಸಿ ಮಧ್ಯಾಹ್ನ ವಾದ ಮಾಡಿಸುವ ಪದ್ಧತಿ ಕಂಡು ಬೇಸತ್ತ ಸುಪ್ರೀಂ ಕೋರ್ಟ್ 2019ರ ಡಿಸೆಂಬರ್‌ನಲ್ಲಿ, ಅನೋಖಿಲಾಲ್ ಪ್ರಕರಣದಲ್ಲಿ, ಜೀವಾವಧಿ ಅಥವಾ ಗಲ್ಲು ಶಿಕ್ಷೆಯ ಸಾಧ್ಯತೆ ಇರುವ ಕೇಸುಗಳಿಗೆ ಕನಿಷ್ಠ ಹತ್ತು ವರ್ಷ ಅನುಭವದ ವಕೀಲರೇ ಇರಬೇಕು, ತಯಾರಿಗೆ ಸಾಮಾನ್ಯವಾಗಿ ಏಳು ದಿನವಾದರೂ ಕೊಡಬೇಕು ಎಂದು ನಿಗದಿ ಮಾಡಿತು. ಇನ್ನೊಂದು, ಎರಡೂ ಪಕ್ಷಗಳಿಗೆ ವಕೀಲರಿದ್ದರೂ ನ್ಯಾಯಾಲಯಕ್ಕೆ ಸ್ವತಂತ್ರ ನೆರವು ನೀಡುವುದು. 2012ರ ಡಿಸೆಂಬರ್ 16ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಅಪರಾಧಿಗಳಿಗೆ ವಕೀಲರಿದ್ದರೂ ಸುಪ್ರೀಂ ಕೋರ್ಟ್ 2016ರಲ್ಲಿ ಹಿರಿಯ ವಕೀಲರಾದ ರಾಜು ರಾಮಚಂದ್ರನ್ ಮತ್ತು ಸಂಜಯ್ ಹೆಗ್ಡೆ ಅವರನ್ನು ಅಮಿಕಸ್ ಆಗಿ ನೇಮಿಸಿತು. ಶಿಕ್ಷೆ ವಿಧಿಸುವಾಗ ಒಬ್ಬೊಬ್ಬ ಅಪರಾಧಿಯ ಹಿನ್ನೆಲೆಯನ್ನೂ ಕೆಳಗಿನ ನ್ಯಾಯಾಲಯ ಬೇರೆ ಬೇರೆಯಾಗಿ ನೋಡಿಲ್ಲ ಎಂಬ ದೋಷವನ್ನು ಎತ್ತಿ ಹಿಡಿದವರು ಇವರು. ನ್ಯಾಯಾಲಯ ಅದನ್ನು ಒಪ್ಪಿ, ನಾಲ್ವರಿಂದಲೂ ಪ್ರಮಾಣಪತ್ರ ತರಿಸಿಕೊಂಡಿತು. 2017ರ ಮೇ 5ರಂದು ಗಲ್ಲು ಶಿಕ್ಷೆ ಕಾಯಂ ಆಯಿತು ನಿಜ. ಇಡೀ ದೇಶ ಒಂದೇ ಉತ್ತರಕ್ಕೆ ಕಾದಿದ್ದ ಕೇಸಿನಲ್ಲಿ ಜನಪ್ರಿಯವಲ್ಲದ ವಾದವನ್ನು ಯಾರ ಹಂಗೂ ಇಲ್ಲದೆ ಮಂಡಿಸಲು ಒಂದು ಸ್ಥಾನ ಇತ್ತು ಎಂಬುದೂ ಅಷ್ಟೇ ನಿಜ.

ಗಲ್ಲು ಶಿಕ್ಷೆಯ ಕೇಸುಗಳಲ್ಲೇ ಮೂರನೆಯವರ ಪ್ರಶ್ನೆ ಅತ್ಯಂತ ತೀಕ್ಷ್ಣವಾಗುತ್ತದೆ, ಏಕೆಂದರೆ ಅಲ್ಲಿ ತಪ್ಪಿದರೆ ತಿದ್ದಲಾಗದು. 1992ರಲ್ಲಿ ಅಕಾಲಿ ನಾಯಕ ಸಿಮ್ರನ್‌ಜಿತ್ ಸಿಂಗ್ ಮಾನ್, ಜನರಲ್ ಎ.ಎಸ್. ವೈದ್ಯ ಅವರನ್ನು ಕೊಂದ ಸುಖ ಮತ್ತು ಜಿಂದಾ ಅವರ ಗಲ್ಲು ಶಿಕ್ಷೆ ಪ್ರಶ್ನಿಸಿ ಅರ್ಜಿ ಹಾಕಿದರು. ಶಿಕ್ಷೆಗೊಳಗಾದವರೇ ಸುಮ್ಮನಿರುವಾಗ ಅಪರಿಚಿತರಿಗೆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ಅದೇ ವರ್ಷ ಅಕ್ಟೋಬರ್ 9ರಂದು ಯೆರವಡಾ ಜೈಲಿನಲ್ಲಿ ಇಬ್ಬರಿಗೂ ನೇಣಾಯಿತು.

ಇದನ್ನು ನೋಯ್ಡಾದ ನಿಠಾರಿ ಪ್ರಕರಣದ ಪಕ್ಕದಲ್ಲಿಟ್ಟು ನೋಡಬೇಕು. 2006ರ ಡಿಸೆಂಬರ್ ಕೊನೆಗೆ ಸೆಕ್ಟರ್ 31ರ ಮನೆಯೊಂದರ ಹಿಂದಿನ ಚರಂಡಿಯಲ್ಲಿ ಮಕ್ಕಳ ಅವಶೇಷಗಳು ಸಿಕ್ಕಾಗ ದೇಶ ಬೆಚ್ಚಿಬಿದ್ದಿತ್ತು. ಮನೆಕೆಲಸದ ಸುರೇಂದ್ರ ಕೋಲಿಗೆ ಗಲ್ಲು ಶಿಕ್ಷೆಯಾಯಿತು. 2014ರ ಸೆಪ್ಟೆಂಬರ್‌ನಲ್ಲಿ ಮೀರತ್ ಜೈಲಿನಲ್ಲಿ ಸಿದ್ಧತೆ ನಡೆದಿದ್ದಾಗ, ಎಂಟನೇ ತಾರೀಕಿನ ನಡುರಾತ್ರಿ ಕಳೆದ ಮೇಲೆ ಚಿಕ್ಕಮಗಳೂರು ಜಿಲ್ಲೆಯವರಾದ ನ್ಯಾಯಮೂರ್ತಿ ಎಚ್.ಎಲ್. ದತ್ತು ಇದ್ದ ಪೀಠ ತಡೆ ಕೊಟ್ಟಿತು. ಮರುಪರಿಶೀಲನಾ ಅರ್ಜಿ ಅಕ್ಟೋಬರ್‌ನಲ್ಲಿ ವಜಾ ಆಯಿತು. ದಾರಿ ಮುಗಿಯಿತು ಎನ್ನುವಾಗ ದೆಹಲಿಯ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ಅಲಹಾಬಾದ್ ಹೈಕೋರ್ಟಿಗೆ ಹೋಯಿತು. ಕ್ಷಮಾದಾನದ ಅರ್ಜಿಯನ್ನು ಮೂರು ವರ್ಷ ಮೂರು ತಿಂಗಳು ಇಟ್ಟುಕೊಂಡದ್ದು ಅಕ್ಷಮ್ಯ ಎಂದು 2015ರ ಜನವರಿ 28ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಗಲ್ಲನ್ನು ಜೀವಾವಧಿಗೆ ಇಳಿಸಿತು. 2023ರ ಅಕ್ಟೋಬರ್‌ನಲ್ಲಿ ಅದೇ ಹೈಕೋರ್ಟ್ ಇನ್ನುಳಿದ ಕೇಸುಗಳಲ್ಲಿ ಕೋಲಿಯನ್ನು ಖುಲಾಸೆ ಮಾಡಿತು. ಗಲ್ಲಿಗೆ ಕಾರಣವಾಗಿದ್ದ ಕೊನೆಯ ಕೇಸಿನಲ್ಲೂ 2025ರ ನವೆಂಬರ್ 11ರಂದು ಸುಪ್ರೀಂ ಕೋರ್ಟ್ ಆತನನ್ನು ನಿರ್ದೋಷಿ ಎಂದಿತು. ಆ ಸಂಘಟನೆಯನ್ನು ‘ನೀವ್ಯಾರು’ ಎಂದು ಬಾಗಿಲಲ್ಲೇ ತಡೆದಿದ್ದರೆ 2025ರ ತೀರ್ಪನ್ನು ಕೇಳಲು ಕೋಲಿ ಬದುಕಿರುತ್ತಿದ್ದನೇ ಎಂಬುದು ಅನುಮಾನ.

ಬಿಲ್ಕಿಸ್ ಬಾನು ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಈ ಪ್ರಶ್ನೆಗೆ ಉತ್ತರಿಸುವ ಅವಕಾಶ ಸಿಕ್ಕಿತ್ತು. 2022ರ ಆಗಸ್ಟ್ 15ರಂದು ಹನ್ನೊಂದು ಅಪರಾಧಿಗಳು ಅವಧಿಗೆ ಮುನ್ನವೇ ಬಿಡುಗಡೆಯಾದಾಗ ಮೊದಲು ಅರ್ಜಿ ಹಾಕಿದವರು ಸುಭಾಷಿಣಿ ಅಲಿ, ಮಹುವಾ ಮೊಯಿತ್ರಾ ಮೊದಲಾದ ಹೊರಗಿನವರು. ಬಿಲ್ಕಿಸ್ ಸ್ವತಃ ಬಂದದ್ದು ಆಮೇಲೆ. 2024ರ ಜನವರಿ 8ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ಬಿಡುಗಡೆಯ ಆದೇಶವನ್ನು ರದ್ದು ಮಾಡಿತು. ಸಂತ್ರಸ್ತೆಯ ಅರ್ಜಿಯೇ ಎದುರಿಗಿರುವುದರಿಂದ ಉಳಿದವರ ಅರ್ಹತೆಯ ಪ್ರಶ್ನೆಗೆ ಉತ್ತರ ಹೇಳಬೇಕಿಲ್ಲ ಎಂದು ಅದನ್ನು ಮುಂದಿನ ಸೂಕ್ತ ಪ್ರಕರಣಕ್ಕೆ ಬಿಟ್ಟಿತು.

ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲೂ ಚಿತ್ರ ತೀರಾ ಬೇರೆಯಲ್ಲ. ಅಲ್ಲಿನ ಕ್ರಿಮಿನಲ್ ಪ್ರಕ್ರಿಯಾ ನಿಯಮಗಳಲ್ಲೂ ವಿಚಾರಣಾ ಹಂತದ ಮಧ್ಯಪ್ರವೇಶಕ್ಕೆ ಜಾಗವಿಲ್ಲ. ಅಧ್ಯಕ್ಷರ ಮಾಜಿ ಭದ್ರತಾ ಸಲಹೆಗಾರ ಮೈಕೆಲ್ ಫ್ಲಿನ್ ಪ್ರಕರಣದಲ್ಲಿ ನ್ಯಾಯಾಧೀಶ ಎಮೆಟ್ ಸಲಿವನ್ ಹೊರಗಿನವರ ಅರ್ಜಿಗಳನ್ನು ಇದೇ ಕಾರಣಕ್ಕೆ ನಿರಾಕರಿಸುತ್ತ ಬಂದಿದ್ದರು. 2020ರ ಮೇ ತಿಂಗಳಲ್ಲಿ ಸರ್ಕಾರವೇ ಕೇಸು ಕೈಬಿಡಲು ಹೊರಟಾಗ, ವಿರೋಧಿಸಿ ವಾದಿಸುವವರೇ ಇಲ್ಲದಂತಾಯಿತು. ಆಗ ಅವರೇ ನಿವೃತ್ತ ನ್ಯಾಯಾಧೀಶ ಜಾನ್ ಗ್ಲೀಸನ್ ಅವರನ್ನು ಅಮಿಕಸ್ ಆಗಿ ನೇಮಿಸಿದರು. ಇಬ್ಬರು ಪಕ್ಷಗಾರರೂ ಒಂದಾದಾಗ ಮೂರನೆಯ ದನಿ ಅನಿವಾರ್ಯವಾಗುತ್ತದೆ ಎಂಬುದನ್ನು ಚೆನ್ನೈನ 64 ಸಾಕ್ಷಿಗಳ ಕಥೆಯೂ ಹೇಳುತ್ತದೆ. ಅಮೆರಿಕದ ಮೇಲಿನ ನ್ಯಾಯಾಲಯಗಳಲ್ಲಿ ಮಾತ್ರ ಇದಕ್ಕೆ ಲಿಖಿತ ನಿಯಮವಿದೆ. ಅಲ್ಲಿನ ಸುಪ್ರೀಂ ಕೋರ್ಟಿನ 37ನೇ ನಿಯಮದ ಪ್ರಕಾರ ಲಿಖಿತ ವಾದ ಸಲ್ಲಿಸುವ ಹೊರಗಿನವರು, ಅದನ್ನು ಪಕ್ಷಗಾರರ ವಕೀಲರೇನಾದರೂ ಬರೆದುಕೊಟ್ಟರೇ, ಅದರ ಖರ್ಚಿಗೆ ಹಣ ಕೊಟ್ಟವರು ಯಾರು ಎಂಬುದನ್ನು ಮೊದಲ ಪುಟದ ಅಡಿಟಿಪ್ಪಣಿಯಲ್ಲೇ ಹೇಳಬೇಕು.

ದೆಹಲಿಯಲ್ಲಿ ಇಂಥ ಅರ್ಜಿಯ ಹಣೆಬರಹ ಬಹುಮಟ್ಟಿಗೆ ಪೀಠದ ವಿವೇಚನೆಗೆ ಬಿಟ್ಟದ್ದು. ಸುಪ್ರೀಂ ಕೋರ್ಟಿನಲ್ಲಾದರೆ ಅಡ್ವೊಕೇಟ್ ಆನ್ ರೆಕಾರ್ಡ್ ಸಹಿಯೊಂದಿಗೆ, ಪ್ರಮಾಣಪತ್ರ ಲಗತ್ತಿಸಿ, ಮಧ್ಯಪ್ರವೇಶಕ್ಕೆ ಅವಕಾಶ ಕೋರುವ ಮಧ್ಯಂತರ ಅರ್ಜಿ ಹಾಕಬೇಕು. ಪೀಠ ಅದನ್ನು ತಳ್ಳಿಹಾಕಬಹುದು, ಸರ್ಕಾರಿ ವಕೀಲರಿಗೆ ನೆರವಾಗಿ ಎನ್ನಬಹುದು, ಇಲ್ಲವೇ ನಾಲ್ಕು ಪುಟ ಬರೆದು ಕೊಡಿ ಎನ್ನಬಹುದು. ಒಂದೇ ಬಗೆಯ ಅರ್ಜಿಗೆ ಪಕ್ಕಪಕ್ಕದ ಕೊಠಡಿಗಳಲ್ಲಿ ಬೇರೆ ಬೇರೆ ಉತ್ತರ ಸಿಗುವುದನ್ನು ತಡೆಯುವ ನಿಯಮ ಸಂಹಿತೆಯಲ್ಲಿ ಇಲ್ಲ. ಆರೋಪಿಯ ದೃಷ್ಟಿಯಿಂದ ಇದು ಸಣ್ಣ ವಿಷಯವಲ್ಲ. ಜೈಲಿನಲ್ಲಿ ಕುಳಿತ ವ್ಯಕ್ತಿ ಸರ್ಕಾರದ ಒಂದು ವಾದಕ್ಕೆ ಉತ್ತರ ಕೊಡುವುದೇ ಕಷ್ಟ. ಅದರ ಮೇಲೆ ಬಲಾಢ್ಯ ಸಂಘಟನೆಗಳ ಐದಾರು ಲಿಖಿತ ವಾದಗಳು ಬಂದರೆ ತಕ್ಕಡಿ ವಾಲುತ್ತದೆ. ಹಾಗಾಗಿ ವಿಚಾರಣಾ ಹಂತದಲ್ಲಿ ಬಾಗಿಲು ಕಿರಿದಾಗಿರುವುದು ಸರಿಯೇ. ಮೇಲ್ಮನವಿಯ ಹಂತದಲ್ಲಿ, ಅಭಿಯೋಜನೆ ಕೈಚೆಲ್ಲಿದಾಗ, ಪ್ರಾಣಕ್ಕೆ ಸಂಚಕಾರ ಬಂದಾಗ ಅದೇ ಕಿರಿದುತನ ಅನ್ಯಾಯವಾಗುತ್ತದೆ.

ಇದನ್ನು ಸರಿಪಡಿಸುವ ಅವಕಾಶ ಸಂಸತ್ತಿಗೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಸಂತ್ರಸ್ತರಿಗೆ ಒಂದು ಹೆಜ್ಜೆ ಮುಂದೆ ಹೋಗಿದೆ: 360ನೇ ಕಲಮಿನಡಿ ಸರ್ಕಾರ ಕೇಸು ಹಿಂಪಡೆಯುವ ಮುನ್ನ ಅವರ ಮಾತು ಕೇಳಲೇಬೇಕು. ಸಿವಿಲ್ ಸಂಹಿತೆಯ 8ಎ ನಿಯಮದಂಥದ್ದನ್ನು, ಯಾರು, ಯಾವ ಹಂತದಲ್ಲಿ, ಯಾರ ದುಡ್ಡಿನಲ್ಲಿ ಬಂದಿದ್ದಾರೆ ಎಂದು ಬಹಿರಂಗಪಡಿಸುವ ಷರತ್ತಿನೊಂದಿಗೆ ಸೇರಿಸಿದ್ದರೆ ಅರ್ಧ ಗೊಂದಲ ತೀರುತ್ತಿತ್ತು. ಅದನ್ನು ಸೇರಿಸಿಲ್ಲ. ಹಳೆಯ 301ನೇ ಕಲಮು 338 ಎಂಬ ಹೊಸ ಸಂಖ್ಯೆ ಪಡೆದು, ಸಾರದಲ್ಲಿ 1973ರಲ್ಲಿ ಇದ್ದ ಹಾಗೆಯೇ ಮುಂದುವರಿದಿದೆ.